ಜೊತೆಯಲ್ಲೇ ಸವೆದ ಜೋಡಿ

ನಮ್ಮ ಕಾಲೇಜಿನ ಫೈರ್‌ವಾಲ್ ಪೆಟ್ಟಿಗೆಯೊಳಗೆ ಎರಡು ಎಸ್‌ಎಸ್‌ಡಿಗಳಿದ್ದವು. ತಲಾ 120 ಜಿಬಿ. ಒಂದೇ ಕಂಪನಿ, ಒಂದೇ ಮಾದರಿ. ಸೀರಿಯಲ್ ನಂಬರಿನ ಕೊನೆಯ ಅಂಕಿಗಳಲ್ಲಿ ಮಾತ್ರ ವ್ಯತ್ಯಾಸ. ಪೆಟ್ಟಿಗೆ ಬಂದದ್ದೇ ಹಾಗೆ, ಜೋಡಿಯನ್ನು ಕೂರಿಸಿಕೊಂಡು. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ದಾಖಲಾಗುವಂತೆ ಅವು ಮಿರರ್ ಆಗಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಇದೆ ಎಂಬ ಧೈರ್ಯಕ್ಕಾಗಿ ಮಾಡುವ ಏರ್ಪಾಡು ಅದು. 2018ರಲ್ಲಿ ರ‍್ಯಾಕಿಗೇರಿದ ಆ ಡ್ರೈವ್‌ಗಳ ಆರೋಗ್ಯದ ವರದಿಯನ್ನು 2022ರ ಮೇ ತಿಂಗಳಲ್ಲಿ ತೆಗೆದು ನೋಡಿದೆ. ಉಳಿದ ಆಯಸ್ಸಿನ ಸಾಲಿನಲ್ಲಿ ಮೊದಲನೆಯದಕ್ಕೆ ಶೇ. 6 ಎಂದಿತ್ತು. ಎರಡನೆಯದರ ವರದಿ ತೆರೆದೆ. ಅಲ್ಲೂ ಶೇ. 6.

ನನ್ನನ್ನು ಕಂಗೆಡಿಸಿದ್ದು ಆ ಎರಡನೆಯ ಆರು. ಮೊದಲನೆಯದು ಸವೆದಿದ್ದರೆ ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ; ಸವೆಯುವ ವಸ್ತು ಸವೆದಿದೆ, ಬದಲಾಯಿಸಿದರಾಯಿತು. ಆದರೆ ಕಾಯಬೇಕಾದ್ದು ಮತ್ತು ಕಾಯಿಸಿಕೊಳ್ಳಬೇಕಾದ್ದು ಎರಡೂ ಒಂದೇ ಹೆಜ್ಜೆಯಲ್ಲಿ ನಡೆದು ಒಂದೇ ಅಂಚಿಗೆ ಬಂದು ನಿಂತಿದ್ದವು. ಇಷ್ಟು ವರ್ಷ ನಾವು ಎರಡು ಡ್ರೈವ್ ಇವೆ ಎಂದುಕೊಂಡಿದ್ದೆವು. ಸವೆತದ ಲೆಕ್ಕದಲ್ಲಿ ಅಲ್ಲಿ ಇದ್ದದ್ದು ಒಂದೇ.

ಆ ವರದಿಯನ್ನು ತೆರೆಯುವಂತೆ ಮಾಡಿದ್ದು ದೆಹಲಿಯಿಂದ ಬಂದ ಒಂದು ನಿರ್ದೇಶನ. ದೇಶದ ಸೈಬರ್ ಅವಘಡಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಅದನ್ನು ಹೊರಡಿಸಿತು. ಅವಘಡ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಯಂತ್ರಗಳ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು ಎಂಬುವು ಅದರ ಮುಖ್ಯ ಮಾತುಗಳು. ನಮ್ಮ ಆಡಳಿತ ಮಂಡಳಿ ನಾವೂ ಪಾಲಿಸೋಣ ಎಂದಿತು. 120 ಜಿಬಿಯಲ್ಲಿ ಆರು ತಿಂಗಳ ಲಾಗ್ ಹಿಡಿಸುತ್ತದೆಯೇ ಎಂದು ಲೆಕ್ಕ ಹಾಕಲು ಕೂತವನಿಗೆ, ಜಾಗದ ಪ್ರಶ್ನೆ ಅಲ್ಲೇ ನಿಂತು ಆಯಸ್ಸಿನ ಪ್ರಶ್ನೆ ಎದುರಾಯಿತು.

ನಮ್ಮದು ಮಲೆನಾಡಿನ ಸೆರಗಿನಲ್ಲಿರುವ ಕಾಲೇಜು. ಜೂನ್ ಹಿಡಿದರೆ ಮರ ಬಿದ್ದು ಲೈನ್ ಹೋಗುತ್ತದೆ. ಅದಕ್ಕೂ ಮೊದಲು ಏಪ್ರಿಲ್-ಮೇನಲ್ಲಿ ಸಂಜೆಯ ಗುಡುಗು-ಸಿಡಿಲು. ಇಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಮೊದಲು ಕಲಿಯುವುದು ಯುಪಿಎಸ್ ಮತ್ತು ಅರ್ಥಿಂಗ್ ವಿದ್ಯೆಯನ್ನು. ಸಿಡಿಲಿಗೆ ಸ್ವಿಚ್‌ಗಳು ಸುಟ್ಟಿವೆ, ಗುಡ್ಡದ ಮೇಲಿನ ಹಾಸ್ಟೆಲಿಗೆ ಹೋಗುವ ಕೇಬಲ್ ಕರಕಲಾಗಿದೆ. ಹೀಗಾಗಿ ಯಂತ್ರ ಸಾಯುವುದೆಂದರೆ ಹೊರಗಿನ ಪೆಟ್ಟಿನಿಂದ ಎಂಬ ಭಾವನೆ ನಮ್ಮಲ್ಲೆಲ್ಲ ಬೇರೂರಿತ್ತು. ಫೈರ್‌ವಾಲ್‌ಗಂತೂ ಅಂಥ ಪೆಟ್ಟು ಯಾವತ್ತೂ ತಾಗಲಿಲ್ಲ. ಸರ್ವರ್ ರೂಮಿನ ಒಳಗೋಡೆಗೆ ಒತ್ತಿ ನಿಂತ ರ‍್ಯಾಕಿನಲ್ಲಿ, ಎರಡು ಯುಪಿಎಸ್‌ಗಳ ಆಸರೆಯಲ್ಲಿ ಅದು ಕೂತಿತ್ತು. 2020ರಲ್ಲಿ ಹಾಸ್ಟೆಲ್‌ಗಳು ಖಾಲಿಯಾಗಿ, ಹುಡುಗರು ತಮ್ಮ ತಮ್ಮ ಊರಿನ ಗುಡ್ಡ ಹತ್ತಿ ಸಿಗ್ನಲ್ ಹುಡುಕುತ್ತಿದ್ದ ದಿನಗಳಲ್ಲಿ ಮೇಷ್ಟ್ರುಗಳೆಲ್ಲ ಮನೆಯಿಂದ ವಿಪಿಎನ್ ಮೂಲಕ ಕಾಲೇಜಿನ ಸರ್ವರಿಗೆ ಬರುತ್ತಿದ್ದುದು ಇದೇ ಪೆಟ್ಟಿಗೆಯನ್ನು ಹಾದು. ಅದು ಒಮ್ಮೆಯೂ ತೊಂದರೆ ಕೊಡಲಿಲ್ಲ. ತೊಂದರೆ ಕೊಡದ ಯಂತ್ರದ ಒಳಗೆ ಏನಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಫೈರ್‌ವಾಲ್ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಂದ ಪ್ರತಿ ಪ್ಯಾಕೆಟ್ಟನ್ನು ನೋಡಿ, ನಿಯಮಗಳ ಪಟ್ಟಿಗೆ ಹೋಲಿಸಿ, ಬಿಡುವುದೋ ತಡೆಯುವುದೋ ಎಂದು ತೀರ್ಮಾನಿಸುವುದು ಅದರ ಕೆಲಸ. ಆ ನಿಯಮಗಳು, ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂಬ ಪಟ್ಟಿ, ಎಲ್ಲವೂ ಕರ್ನೆಲ್‌ನ ಸ್ಮರಣೆಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ ಇರುತ್ತವೆ. ಇದಕ್ಕೆ ಡ್ರೈವ್ ಬೇಕಾಗಿಯೇ ಇಲ್ಲ. ಎಷ್ಟು ಟೆರಾಬೈಟ್ ಹಾದು ಹೋದರೂ ಎಸ್‌ಎಸ್‌ಡಿಗೆ ಅದರ ಬಿಸಿ ತಟ್ಟುವುದಿಲ್ಲ. ನಮ್ಮ ಡ್ರೈವ್‌ಗಳನ್ನು ತಿಂದದ್ದು ಹಾದು ಹೋದದ್ದಲ್ಲ. ಹಾದು ಹೋದದ್ದರ ಬಗ್ಗೆ ಬರೆದಿಟ್ಟದ್ದು.

ಏನೆಲ್ಲ ಬರೆಯುತ್ತಿತ್ತು! ತಡೆದ ಪ್ರತಿ ಪ್ಯಾಕೆಟ್ಟಿಗೆ ಒಂದು ಸಾಲು. ಹಾಸ್ಟೆಲಿನ ಪ್ರತಿ ಫೋನು ಕೇಳಿದ ಪ್ರತಿ ಜಾಲತಾಣದ ಹೆಸರಿಗೆ ಒಂದು ಸಾಲು. ಒಳನುಸುಳುವಿಕೆ ಪತ್ತೆಹಚ್ಚುವ ತಂತ್ರಾಂಶ ಪ್ರತಿ ಸಂಪರ್ಕಕ್ಕೂ ಉದ್ದುದ್ದ ದಾಖಲೆ ಬರೆಯುತ್ತಿತ್ತು. ನಿಮಿಷಕ್ಕೊಮ್ಮೆ ಗ್ರಾಫ್‌ಗಳ ಕಡತಗಳು ತಿದ್ದಿಕೊಳ್ಳುತ್ತಿದ್ದವು. ಇದರ ಮೇಲೆ ಪ್ರಾಕ್ಸಿಯ ಕ್ಯಾಶೆ. ಇಂಟರ್ನೆಟ್ ದುಬಾರಿಯಾಗಿದ್ದ ಕಾಲದಲ್ಲಿ, ಒಬ್ಬ ತೆರೆದ ಪುಟವನ್ನೇ ಇನ್ನೊಬ್ಬ ತೆರೆದರೆ ಹೊರಗಿನಿಂದ ಮತ್ತೆ ತರಿಸದೆ ಇಲ್ಲಿಂದಲೇ ಕೊಡಲು ಮಾಡಿದ ವ್ಯವಸ್ಥೆ ಅದು. ಆಗ ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಜಾಲದ ಬಹುಪಾಲು ಎಚ್‌ಟಿಟಿಪಿಎಸ್‌ಗೆ ಹೊರಳಿದ ಮೇಲೆ ಪ್ರಾಕ್ಸಿಗೆ ಒಳಗಿನದು ಕಾಣುವುದೇ ಇಲ್ಲ. ಉಳಿಸಿಡುವಂಥದ್ದು ಏನೂ ಇಲ್ಲದಿದ್ದರೂ ಅದು ತನ್ನ ಕಡತಗಳನ್ನು ತಿರುವಿ ಹಾಕುತ್ತಲೇ ಇರುತ್ತದೆ. ಯಾರಿಗೂ ಪ್ರಯೋಜನವಿಲ್ಲದ ಬರವಣಿಗೆ.

ಇವೆಲ್ಲ ಕೂಡಿ ಎಷ್ಟಾದೀತು? ಸೆಕೆಂಡಿಗೆ ಸುಮಾರು 250 ಕಿಲೋಬೈಟ್ ಎಂದಿಟ್ಟುಕೊಳ್ಳಿ. ಒಂದು ಫೋಟೋಗಿಂತ ಕಡಿಮೆ. ಆದರೆ ದಿನಕ್ಕೆ 86,400 ಸೆಕೆಂಡು, ಗುಣಿಸಿದರೆ 21.6 ಜಿಬಿ. ಅಗ್ಗದ 120 ಜಿಬಿ ಡ್ರೈವೊಂದಕ್ಕೆ ತಯಾರಕರು ಕೊಡುವ ಬರವಣಿಗೆಯ ಭರವಸೆ 40 ಟೆರಾಬೈಟ್‌ನ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ 21.6 ಜಿಬಿ ಎಂದರೆ ಐದು ವರ್ಷಕ್ಕೆ ಅದು ಮುಗಿಯಿತು. ಲ್ಯಾಪ್‌ಟಾಪಿನಲ್ಲಾದರೆ ಅದೇ ಡ್ರೈವ್ ಯಜಮಾನ ಬೇಸರಪಟ್ಟು ಬದಲಾಯಿಸುವವರೆಗೂ ಬಾಳುತ್ತದೆ. ರಾತ್ರಿ ಮುಚ್ಚಿಟ್ಟರೆ ಬರವಣಿಗೆ ನಿಲ್ಲುತ್ತದೆ. ಫೈರ್‌ವಾಲಿಗೆ ರಾತ್ರಿಯಿಲ್ಲ, ದಸರಾ ರಜೆಯಿಲ್ಲ.

ಸವೆಯುವುದು ಯಾಕೆ ಎಂಬುದು ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ. 1980ರ ದಶಕದಲ್ಲಿ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ ಕಂಡುಹಿಡಿದ ಫ್ಲ್ಯಾಶ್ ಮೆಮೊರಿಯಲ್ಲಿ ಒಂದೊಂದು ಕೋಶವೂ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವ ಸಣ್ಣ ಜಾಗ. ಸುತ್ತಲೂ ವಿದ್ಯುತ್ ಹರಿಯಗೊಡದ ತೆಳುವಾದ ಆಕ್ಸೈಡ್ ಪದರ. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಆ ಪದರದ ಮೂಲಕವೇ ಒಳಗೆ ತಳ್ಳಬೇಕು. ಅಳಿಸುವಾಗ ಹಾಗೆಯೇ ಹೊರಗೆ ಎಳೆಯಬೇಕು. ಪ್ರತಿ ಸಲವೂ ಪದರಕ್ಕೆ ಒಂದಿಷ್ಟು ಗಾಯ. ಗಾಯಗಳು ಹೆಚ್ಚಿದಂತೆ ಕೋಶಕ್ಕೆ ಹಿಡಿದಿಡುವ ಶಕ್ತಿ ಕುಂದುತ್ತದೆ. ಕೋಶಕ್ಕೆ ಒಂದೇ ಬಿಟ್ ಇಡುತ್ತಿದ್ದ ಹಳೆಯ ಚಿಪ್‌ಗಳು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆದರೂ ತಡೆಯುತ್ತಿದ್ದವು. ಅದೇ ಜಾಗದಲ್ಲಿ ಮೂರು ಬಿಟ್ ತುರುಕುವ ಈಗಿನ ಸಾಮಾನ್ಯ ಚಿಪ್‌ಗಳು ಕೆಲವು ಸಾವಿರಕ್ಕೇ ಸೋಲುತ್ತವೆ. ಅಗ್ಗವಾದದ್ದು ಹೀಗೆ.

ಮೊದಲಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. 2003ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕಾಸ್ಪರ್ ಫ್ರೀಬಿಎಸ್‌ಡಿ ಮೇಲೆ ಕಟ್ಟಿದ ಮೊನೊವಾಲ್ ಎಂಬ ಪುಟ್ಟ ಫೈರ್‌ವಾಲ್ ಕ್ಯಾಮೆರಾಗಳಿಗೆ ಹಾಕುವಂಥ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಿಂದ ಬೂಟ್ ಆಗುತ್ತಿತ್ತು. ಬೂಟ್ ಆದ ಕೂಡಲೇ ಇಡೀ ವ್ಯವಸ್ಥೆ ರ‍್ಯಾಮ್‌ಗೆ ಏರಿ ಅಲ್ಲೇ ನಡೆಯುತ್ತಿತ್ತು. ಆಡಳಿತಗಾರ ಸೆಟ್ಟಿಂಗ್ ಬದಲಿಸಿದಾಗ ಮಾತ್ರ ಕಾರ್ಡಿಗೆ ಬರವಣಿಗೆ. ಪೂರ್ತಿ ಸಂರಚನೆ ಒಂದೇ ಒಂದು ಎಕ್ಸ್‌ಎಂಎಲ್ ಕಡತದಲ್ಲಿ. ಈಗ ಹೆಸರು ಮಾಡಿರುವ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡೂ ಆ ಬೇರಿನಿಂದಲೇ ಟಿಸಿಲೊಡೆದವು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಯೋಗಾಲಯದ ಮೂಲೆಯ ಹಳೆಯ ಪೆಂಟಿಯಂ ಯಂತ್ರದ ಮೇಲೆ ಮೊನೊವಾಲ್ ಓಡಿಸಿ ಕಲಿತಿದ್ದೆ. ಆ ಸರಳತೆಯ ಮೇಲೆ ನನಗೆ ಈಗಲೂ ಗೌರವ. ಅದರ ಕಸುಬುದಾರಿಕೆಯೆಲ್ಲ ಬರೆಯದೇ ಇರುವುದರಲ್ಲಿತ್ತು. ಆಮೇಲೆ ಎಸ್‌ಎಸ್‌ಡಿ ಬಂತು, ಜಾಗ ಧಾರಾಳವಾಯಿತು, ಎಲ್ಲವನ್ನೂ ಬರೆದಿಡೋಣ ಎಂಬ ಅಭ್ಯಾಸ ಬಂತು. ಕಾರ್ಡಿನ ಒಳಗಿದ್ದ ಕೋಶವೇ ಎಸ್‌ಎಸ್‌ಡಿಯ ಒಳಗೂ ಇದೆ ಎಂಬುದು ಹಿನ್ನೆಲೆಗೆ ಸರಿಯಿತು.

ನಮ್ಮ ಪೆಟ್ಟಿಗೆಯ ಕಡತ ವ್ಯವಸ್ಥೆ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ಮುಂದಾಳುತನದಲ್ಲಿ ರೂಪುಗೊಂಡ ಇದು ನನ್ನ ಮಟ್ಟಿಗೆ ಕಂಪ್ಯೂಟರ್ ಲೋಕದ ಅತ್ಯಂತ ಪ್ರಾಮಾಣಿಕ ಸೃಷ್ಟಿಗಳಲ್ಲಿ ಒಂದು. ಇರುವುದನ್ನು ಅಳಿಸಿ ಅದರ ಮೇಲೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು, ಎಲ್ಲ ಸರಿಯಾಯಿತೆಂದು ಖಾತ್ರಿಯಾದ ಮೇಲೆ ಹಳೆಯದನ್ನು ಬಿಡುತ್ತದೆ. ಹಠಾತ್ತನೆ ಕರೆಂಟ್ ಹೋದರೂ ಕಡತಗಳು ಅರೆಬರೆಯಾಗುವುದಿಲ್ಲ. ಮಲೆನಾಡಿನಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು. ಆದರೆ ಆ ಭದ್ರತೆಗೂ ಒಂದು ಖರ್ಚಿದೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಅದು ಸೇರಿದ್ದನ್ನೆಲ್ಲ ಡ್ರೈವಿಗೆ ಇಳಿಸುತ್ತದೆ. ಲಾಗ್‌ನ ಒಂದು ಸಾಲು ಬದಲಾದರೂ ಆ ಸಾಲಿದ್ದ ಬ್ಲಾಕ್, ಅದನ್ನು ತೋರಿಸುವ ಬ್ಲಾಕ್, ಅದನ್ನೂ ತೋರಿಸುವ ಬ್ಲಾಕ್, ಹೀಗೆ ಬುಡದವರೆಗೆ ಹೊಸದಾಗಿ ಬರೆಯಬೇಕು. ನೂರು ಅಕ್ಷರದ ಸಾಲಿಗೆ ಹತ್ತಾರು ಕಿಲೋಬೈಟ್ ಬರವಣಿಗೆ. ಅದರ ಕೆಳಗೆ ಎಸ್‌ಎಸ್‌ಡಿ ತನ್ನ ಒಳಗಿನ ದೊಡ್ಡ ಬ್ಲಾಕ್‌ಗಳನ್ನು ತೆರವು ಮಾಡಲು ಇನ್ನಷ್ಟು ಬರೆಯುತ್ತದೆ. ಇದೆಲ್ಲ ಮಿರರಿನ ಎರಡೂ ಬದಿಗೆ, ಸಮನಾಗಿ.

ಈ ‘ಸಮನಾಗಿ’ ಎಂಬುದರಲ್ಲೇ ಅಪಾಯವಿರುವುದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರು ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ಬಳಸುವ ರೇಡ್ ಪದ್ಧತಿಯ ಪ್ರಬಂಧ ಬರೆದಾಗ ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ, ತಮ್ಮ ತಮ್ಮ ಪಾಡಿಗೆ ಕೆಡುತ್ತವೆ ಎಂದು ಇಟ್ಟುಕೊಂಡೇ ಲೆಕ್ಕ ಹಾಕಿದ್ದರು. ತಿರುಗುವ ಡಿಸ್ಕ್‌ನಲ್ಲಿ ಬೇರಿಂಗ್, ಮೋಟಾರು, ಧೂಳಿನ ಕಣ ಎಂದು ನೂರೆಂಟು ಕಾರಣಗಳಿರುವುದರಿಂದ ಆ ಊಹೆ ಬಹಳ ಮಟ್ಟಿಗೆ ನಡೆಯುತ್ತದೆ. ಒಂದೇ ಬ್ಯಾಚಿನ ಎರಡು ಎಸ್‌ಎಸ್‌ಡಿಗಳಿಗೆ ನಾಲ್ಕು ವರ್ಷ ಅಕ್ಷರಕ್ಕಕ್ಷರ ಅದನ್ನೇ ಬರೆಸಿದರೆ ಆ ಊಹೆಗೆ ಆಧಾರವೇ ಉಳಿಯುವುದಿಲ್ಲ. ಸವೆತ ಬಿಡಿ, ತಂತ್ರಾಂಶದ ದೋಷವೂ ಹಾಗೇ ಹೊಡೆಯುತ್ತದೆ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಗ್ರಾಹಕರಿಗೆ ಒಂದು ಎಚ್ಚರಿಕೆ ಕೊಟ್ಟಿತ್ತು: ಕೆಲವು ಮಾದರಿಯ ಎಸ್‌ಎಸ್‌ಡಿಗಳು ಒಟ್ಟು 32,768 ಗಂಟೆ ಓಡಿದ ಮೇಲೆ ನಿಂತುಹೋಗುತ್ತವೆ, ಮಾಹಿತಿಯೂ ಮರಳಿ ಸಿಗುವುದಿಲ್ಲ, ಕೂಡಲೇ ಫರ್ಮ್‌ವೇರ್ ಬದಲಾಯಿಸಿ ಎಂದು. 32,768 ಅಂದರೆ 2ರ ಹದಿನೈದನೇ ಘಾತ; ಅಷ್ಟು ಗಂಟೆಗಳೆಂದರೆ 3 ವರ್ಷ 270 ದಿನ 8 ತಾಸು. ಒಂದೇ ದಿನ ಕೆಲಸ ಶುರು ಮಾಡಿದ ಜೋಡಿಗೆ ಒಂದೇ ಹೊತ್ತಿಗೆ ಅಂತ್ಯ. ಮಿರರ್ ಇದ್ದವರಿಗೂ ಇಲ್ಲದವರಿಗೂ ಅಲ್ಲಿ ವ್ಯತ್ಯಾಸವಿರಲಿಲ್ಲ.

ಪ್ರಾಂಶುಪಾಲರಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. “ನೆಟ್ ಚೆನ್ನಾಗೇ ನಡೀತಿದೆಯಲ್ಲ, ಕೆಟ್ಟ ಮೇಲೆ ನೋಡಿದ್ರಾಗಲ್ವ?” ನಾನು ಹೇಳಿದೆ: ಫೈರ್‌ವಾಲಿನ ವಿಷಯದಲ್ಲಿ ಕೆಟ್ಟದ್ದು ನಮಗೆ ಗೊತ್ತಾಗುವುದೇ ತಡವಾಗಿ. ನಿಯಮಗಳೆಲ್ಲ ರ‍್ಯಾಮ್‌ನಲ್ಲಿ ಇರುವುದರಿಂದ ಎರಡೂ ಡ್ರೈವ್ ಸತ್ತರೂ ಪ್ಯಾಕೆಟ್‌ಗಳು ಹಾಯುತ್ತಲೇ ಇರಬಹುದು. ಲಾಗಿನ್ ಪುಟ ತೆರೆಯದು, ಹೊಸ ದಾಖಲೆ ಬೀಳದು, ಆದರೆ ಹಾಸ್ಟೆಲಿನಲ್ಲಿ ವಿಡಿಯೊ ಓಡುತ್ತಿರುತ್ತದೆ. ಒಂದು ಸಂಜೆ ಸಿಡಿಲು ಬಡಿದು ಯುಪಿಎಸ್ ಬರಿದಾಗಿ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಂಡಾಗ, ಬೂಟ್ ಆಗಲು ಡ್ರೈವೇ ಇರುವುದಿಲ್ಲ. ಅದು ಆನ್‌ಲೈನ್ ಪರೀಕ್ಷೆಯ ಹಿಂದಿನ ಸಂಜೆಯೂ ಆಗಿರಬಹುದು. ಅವರು ಇನ್ನೊಂದು ಮಾತಾಡದೆ ಸಹಿ ಹಾಕಿದರು.

ನಿಜವಾದ ಕಷ್ಟ ಬಂದದ್ದು ಲೆಕ್ಕಪತ್ರ ವಿಭಾಗದಲ್ಲಿ. ನಾನು ಕೇಳಿದ್ದು ಎರಡು ಬೇರೆ ಬೇರೆ ಕಂಪನಿಯ ಡ್ರೈವ್, ಅದೂ ಒಂದನ್ನು ಈಗ, ಇನ್ನೊಂದನ್ನು ಕೆಲವು ತಿಂಗಳು ಬಿಟ್ಟು. ಖರೀದಿ ನಿಯಮಗಳ ಪ್ರಕಾರ ಒಂದೇ ಬಗೆಯ ಸಾಮಾನನ್ನು ಒಟ್ಟಿಗೆ, ಒಂದೇ ದರಪಟ್ಟಿಯ ಮೇಲೆ, ಕಡಿಮೆ ಬೆಲೆ ಹೇಳಿದವರಿಂದ ಕೊಳ್ಳಬೇಕು. ಒಂದೇ ಕೆಲಸಕ್ಕೆ ಎರಡು ದರದ ಎರಡು ವಸ್ತು ಯಾಕೆ ಎಂದು ಆಡಿಟ್‌ನಲ್ಲಿ ಕೇಳಿಯೇ ಕೇಳುತ್ತಾರೆ. ಅವರ ನಿಯಮ ಪೋಲು ತಡೆಯಲು ಇರುವಂಥದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ಥರದ್ದು ಅಗ್ಗ ಎಂಬ ಲೆಕ್ಕ ಮತ್ತು ಬೇರೆ ಬೇರೆ ಥರದ್ದು ಭದ್ರ ಎಂಬ ಲೆಕ್ಕ ಆ ಮೇಜಿನ ಮೇಲೆ ಮುಖಾಮುಖಿಯಾದವು. ಆ ಹೊತ್ತಿಗೆ ಬಿಲ್‌ಗಳ ಫೈಲು ತಂದಿದ್ದ ನಮ್ಮ ವಿಭಾಗದ ಹಿರಿಯ ಅಟೆಂಡರ್ ಕೇಳಿಸಿಕೊಳ್ಳುತ್ತ ನಿಂತಿದ್ದರು. ಮನೆಯಲ್ಲಿ ಗದ್ದೆ ಮಾಡಿಸುವವರು. “ಹೊಸ ಹೋರಿಗೆ ಉಳುಮೆ ಕಲಿಸುವಾಗ ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ತಾರಲ್ಲ ಸಾರ್, ಹಂಗೇ ಅಲ್ವಾ ಇದು? ಎರಡೂ ಹೊಸಾವಾದ್ರೆ ಸಾಲು ಹಿಡಿಯಲ್ಲ, ಎರಡೂ ಮುದಿಯಾದ್ರೆ ಗದ್ದೆ ಮುಗಿಯಲ್ಲ” ಎಂದರು. ನಾನು ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಅದು ಲೆಕ್ಕಿಗರಿಗೆ ಬೇಗ ತಾಗಿತು. ಕಾರಣಗಳನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು, ಮೇಲೆ ಹೇಳಿದ 2019ರ ಎಚ್ಚರಿಕೆಯ ಪ್ರತಿಯನ್ನು ಲಗತ್ತಿಸಿ ಕೊಟ್ಟೆ. ಆ ಪುಟ ಈಗಲೂ ಖರೀದಿ ಫೈಲಿನಲ್ಲಿದೆ. ಒಟ್ಟಾಗಿ ಕೊಳ್ಳಬಾರದ ವಸ್ತುಗಳೂ ಇರುತ್ತವೆ ಎಂದು ನಮ್ಮ ಕಚೇರಿಯಲ್ಲಿ ದಾಖಲಾದದ್ದು ಅದೇ ಮೊದಲು.

ಹೊಸದು ಹಳೆಯದಕ್ಕಿಂತ ದೊಡ್ಡದಿರಲಿ ಎಂದು 240 ಜಿಬಿಯದನ್ನು ಆರಿಸಿದೆ. ಮಿರರಿಗೆ ಸೇರುವ ಡ್ರೈವ್ ಒಂದು ಸೆಕ್ಟರ್ ಕಡಿಮೆಯಿದ್ದರೂ ಝಡ್‌ಎಫ್‌ಎಸ್ ಒಪ್ಪದಿರಬಹುದು. ಹೊರಗೆ 120 ಎಂದೇ ಬರೆದಿದ್ದರೂ ಒಳಗಿನ ಲೆಕ್ಕ ಎಲ್ಲ ಕಂಪನಿಗಳಲ್ಲೂ ಒಂದೇ ಇರುತ್ತದೆಂಬ ಖಾತ್ರಿಯಿಲ್ಲ. ಜೊತೆಗೆ ಜಾಗ ಹೆಚ್ಚಿದ್ದಷ್ಟೂ ಸವೆತ ಹಂಚಿಹೋಗುತ್ತದೆ. ಕರೆಂಟ್ ಹೋದಾಗ ಕೈಯಲ್ಲಿದ್ದ ಬರವಣಿಗೆಯನ್ನು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್‌ಗಳಿರುವ, ಸರ್ವರ್‌ಗಳಿಗೆಂದೇ ಮಾಡಿದ ಮಾದರಿ ಅದು. ಬೆಲೆ ಜಾಸ್ತಿಯೇ.

ಬದಲಾಯಿಸುವ ಕೆಲಸವನ್ನು ರಜೆಯ ಒಂದು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಂಡೆವು. ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಕಾಲವಾದ್ದರಿಂದ ಬೆಳಿಗ್ಗೆಯೇ ಮುಗಿಯಬೇಕಿತ್ತು. ಹಿಂದಿನ ದಿನ ಎರಡು ಕೆಲಸ. ಒಂದು, ಸಂರಚನೆಯ ಎಕ್ಸ್‌ಎಂಎಲ್ ಕಡತವನ್ನು ಎರಡು ಪೆನ್‌ಡ್ರೈವ್‌ಗಳಿಗೆ ಇಳಿಸಿಟ್ಟುಕೊಳ್ಳುವುದು. ಮೊನೊವಾಲ್ ಹಾಕಿಕೊಟ್ಟ ದಾರಿ ಇಲ್ಲಿಗೂ ಬಂದಿದೆ, ಏನೇ ಆದರೂ ಆ ಒಂದು ಕಡತವಿದ್ದರೆ ಬೇರೊಂದು ಯಂತ್ರದ ಮೇಲೆ ಫೈರ್‌ವಾಲನ್ನು ಎಬ್ಬಿಸಿ ನಿಲ್ಲಿಸಬಹುದು. ಇನ್ನೊಂದು, ಸ್ಕ್ರಬ್. ಎರಡೂ ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಬ್ಲಾಕನ್ನು ಓದಿಸಿ, ಚೆಕ್‌ಸಮ್ ತಾಳೆ ನೋಡಿ, ಒಂದರಲ್ಲಿ ತಪ್ಪಿದ್ದರೆ ಇನ್ನೊಂದರಿಂದ ಸರಿಪಡಿಸುವ ಕ್ರಿಯೆ ಅದು. ಇದನ್ನು ಮೊದಲೇ ಮಾಡುವುದು ಬಹಳ ಮುಖ್ಯ. ಒಂದು ಡ್ರೈವ್ ಹೊರಗೆ ಬಂದ ಮೇಲೆ, ಒಳಗುಳಿದದ್ದರಲ್ಲಿ ಕೆಟ್ಟ ಬ್ಲಾಕ್ ಸಿಕ್ಕರೆ ತಿದ್ದಲು ಜೊತೆಗಾರನಿರುವುದಿಲ್ಲ. ಸ್ಕ್ರಬ್ ತಪ್ಪಿಲ್ಲದೆ ಮುಗಿಯಿತು. ಆಯಸ್ಸು ಶೇ. 6ಕ್ಕೆ ಇಳಿದಿದ್ದರೂ ಆ ಎರಡು ಡ್ರೈವ್‌ಗಳು ಒಂದು ಬಿಟ್ ಕೂಡ ಕಳೆದಿರಲಿಲ್ಲ. ಆ ವಿಷಯದಲ್ಲಿ ನನಗೆ ಅವುಗಳ ಮೇಲೆ ಪ್ರೀತಿಯಿದೆ.

ಯಂತ್ರದ ಒಳಗೆ ಎರಡೂ ಒಂದೇ ಥರ ಕಾಣುತ್ತವೆ. ತಂತ್ರಾಂಶದಲ್ಲಿ ಅವುಗಳ ಹೆಸರು ಎಡಿಎ0, ಎಡಿಎ1. ಯಾವುದು ಯಾವುದೆಂದು ಕೇಬಲ್ ನೋಡಿ ಊಹಿಸಬಾರದು. ಸೀರಿಯಲ್ ನಂಬರನ್ನು ಪರದೆಯ ಮೇಲೆ ಓದಿ ಕಾಗದದಲ್ಲಿ ಬರೆದುಕೊಂಡು, ಮುಚ್ಚಳ ತೆಗೆದ ಮೇಲೆ ಟಾರ್ಚ್ ಬೆಳಕಿನಲ್ಲಿ ಚೀಟಿಯ ಅಂಕಿಗಳನ್ನು ಅಟೆಂಡರ್ ಗಟ್ಟಿಯಾಗಿ ಓದಿದರು, ನಾನು ಕಾಗದದಲ್ಲಿ ಟಿಕ್ ಹಾಕಿದೆ. ಎಡಿಎ1ನ್ನು ಮೊದಲೇ ಆಫ್‌ಲೈನ್ ಮಾಡಿದ್ದೆ. ಮಿರರಿನಿಂದ ಪೂರ್ತಿ ಬಿಡಿಸದೆ ಹಾಗೆ ಮಾಡಿದ್ದಕ್ಕೆ ಕಾರಣವಿದೆ: ಹೊರತೆಗೆದ ಡ್ರೈವ್‌ನಲ್ಲಿ ಎಲ್ಲವೂ ಇದ್ದ ಹಾಗೆಯೇ ಇರುತ್ತದೆ. ಹೊಸದು ಪೂರ್ತಿ ತುಂಬಿಕೊಳ್ಳುವವರೆಗೆ ಅದೇ ನಮ್ಮ ಕೊನೆಯ ಆಸರೆ. ಅದನ್ನು ಒಂದು ಕವರಿನಲ್ಲಿಟ್ಟು ಮೇಜಿನ ಡ್ರಾಯರಿಗೆ ಹಾಕಿದೆವು.

ಪೆಟ್ಟಿಗೆ ಒಂಟಿ ಡ್ರೈವ್ ಮೇಲೆ ಮರಳಿ ಎದ್ದಿತು. ಪರದೆಯ ಮೇಲೆ ‘ಡಿಗ್ರೇಡೆಡ್’. ಇಲ್ಲಿಂದ ಮುಂದೆ ಒಂದು ಹೆಜ್ಜೆಯನ್ನು ಹಾರಿಸುವವರು ಬಹಳ. ಮಿರರ್ ಎಂದರೆ ಎಲ್ಲವೂ ತಾನಾಗಿ ನಕಲಾಗುತ್ತದೆ ಎಂದುಕೊಳ್ಳುತ್ತಾರೆ. ಝಡ್‌ಎಫ್‌ಎಸ್ ನಕಲು ಮಾಡುವುದು ತನ್ನ ವಿಭಾಗದೊಳಗಿನದನ್ನು ಮಾತ್ರ. ಯಂತ್ರ ಏಳುವಾಗ ಮೊದಲು ಓದುವ ಬೂಟ್ ವಿಭಾಗ ಅದರ ಹೊರಗೆ ಇರುತ್ತದೆ; ಅದನ್ನು ಕೈಯಾರೆ ಹಾಕಬೇಕು. ಹಾಕದಿದ್ದರೆ ಎಲ್ಲವೂ ಹಸಿರಾಗಿ ಕಾಣುತ್ತದೆ, ಹಳೆಯ ಡ್ರೈವ್ ಸಾಯುವ ದಿನ ಮಾತ್ರ ಹೊಸದರಲ್ಲಿ ಮಾಹಿತಿಯೆಲ್ಲ ಇದ್ದೂ ಯಂತ್ರ ಏಳುವುದಿಲ್ಲ. ಆದ್ದರಿಂದ ಮೊದಲು ಹಳೆಯದರ ವಿಭಾಗಗಳ ನಕ್ಷೆಯನ್ನು ಹೊಸದಕ್ಕೆ ಇಳಿಸಿ, ಬೂಟ್ ಕೋಡ್ ಬರೆದು, ಆಮೇಲೆ ‘ರಿಪ್ಲೇಸ್’ ಆಜ್ಞೆ ಕೊಟ್ಟೆ. ರಿಸಿಲ್ವರ್, ಅಂದರೆ ಹಳೆಯದರಿಂದ ಹೊಸದಕ್ಕೆ ನಕಲು, ಶುರುವಾಯಿತು. ಹಳೆಯ ಕಾಲದ ರೇಡ್ ಆಗಿದ್ದರೆ ಖಾಲಿ ಜಾಗವನ್ನೂ ಸೇರಿಸಿ ಇಡೀ ಡ್ರೈವನ್ನು ನಕಲಿಸುತ್ತ ಕೂರುತ್ತಿತ್ತು. ಝಡ್‌ಎಫ್‌ಎಸ್‌ಗೆ ಯಾವುದು ಬಳಕೆಯಲ್ಲಿದೆ ಎಂಬುದು ಗೊತ್ತಿರುವುದರಿಂದ ಅಷ್ಟನ್ನೇ ಸಾಗಿಸುತ್ತದೆ. ಕಾಫಿ ತರಿಸುವಷ್ಟರಲ್ಲಿ ‘ಆನ್‌ಲೈನ್’ ಬಂತು.

ಅಷ್ಟಕ್ಕೇ ಮುಚ್ಚಳ ಹಾಕಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಆರಿಸಿ, ಹಳೆಯ ಎಡಿಎ0ದ ಕೇಬಲ್ ಕಳಚಿ, ಹೊಸದೊಂದರ ಮೇಲೆಯೇ ಹೊತ್ತಿಸಿದೆವು. ಎದ್ದಿತು. ಇದನ್ನು ಕಣ್ಣಾರೆ ನೋಡದೆ ಬದಲಾವಣೆ ಮುಗಿಯಿತೆಂದು ನಾನು ಯಾವತ್ತೂ ಹೇಳಲಾರೆ, ನನ್ನ ಕೈಕೆಳಗಿನ ಹುಡುಗರಿಗೂ ಹೇಳಲು ಬಿಡುವುದಿಲ್ಲ. ಆಮೇಲೆ ಹಳೆಯದನ್ನು ಮತ್ತೆ ಜೋಡಿಸಿದರೆ ನಡುವೆ ತಪ್ಪಿಹೋದ ಅಷ್ಟನ್ನು ಮಾತ್ರ ತುಂಬಿಕೊಂಡು ಅದು ಸಾಲಿಗೆ ಬಂತು. ಮೋಡ ಕಟ್ಟುವ ಮೊದಲೇ ರ‍್ಯಾಕಿನ ಬಾಗಿಲು ಹಾಕಿದೆವು.

ಹಳೆಯ ಒಂದನ್ನು ಉಳಿಸಿಕೊಂಡದ್ದು ಕಂಜೂಸುತನದಿಂದಲ್ಲ. ಹೊಸ ಯಂತ್ರಾಂಶ ಕೆಡುವುದಿದ್ದರೆ ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ ಕೆಡುತ್ತದೆ. ಆ ಅವಧಿ ದಾಟುವವರೆಗೆ ಪರಿಚಯದ ಹಳೆಯದು ಪಕ್ಕದಲ್ಲಿರುವುದು ಒಳ್ಳೆಯದು. ಎರಡನೆಯ ಹೊಸ ಡ್ರೈವ್, ಇನ್ನೊಂದು ಕಂಪನಿಯದು, ದಸರಾ ರಜೆಯಲ್ಲಿ ಒಳಗೆ ಹೋಯಿತು. ಈಗ ಎರಡರ ಸವೆತದ ಅಂಕಿಗಳು ಬೇರೆ ಬೇರೆ. ತಿಂಗಳ ವರದಿಯಲ್ಲಿ ಅವು ಹತ್ತಿರ ಬರುತ್ತಿವೆಯೇ ಎಂದು ನೋಡುತ್ತೇನೆ; ಬಂದರೆ ಒಂದನ್ನು ಆಯಸ್ಸಿರುವಾಗಲೇ ತೆಗೆದು ಪ್ರಯೋಗಾಲಯದ ಬೇರೆ ಯಂತ್ರಕ್ಕೆ ಕೊಡುವುದೆಂದು ಬರೆದಿಟ್ಟಿದ್ದೇವೆ.

ಲಾಗ್‌ಗಳ ವಿಷಯದಲ್ಲಿ ಮಾಡಿದ್ದು ಇನ್ನೂ ಮುಖ್ಯ. ಪ್ರಾಕ್ಸಿಯ ಕ್ಯಾಶೆಯನ್ನು ತೆಗೆದೆವು. ಇಟ್ಟುಕೊಳ್ಳಬೇಕಾದ ಲಾಗ್‌ಗಳನ್ನು ಫೈರ್‌ವಾಲ್ ತಾನು ಬರೆಯದೆ ಜಾಲದ ಮೂಲಕ ಬೇರೊಂದು ಸರ್ವರಿಗೆ ಕಳಿಸುತ್ತದೆ. ಅಲ್ಲಿ ತಿರುಗುವ ದೊಡ್ಡ ಹಾರ್ಡ್‌ಡಿಸ್ಕ್‌ಗಳ ಮೇಲೆ 180 ದಿನ ಇದ್ದು ಅಳಿಯುತ್ತವೆ. ಅಂಥ ಡಿಸ್ಕ್‌ಗೆ ಕೋಶ ಸವೆಯುವ ಭಯವಿಲ್ಲ. ತಾತ್ಕಾಲಿಕ ಕಡತಗಳೆಲ್ಲ ರ‍್ಯಾಮ್‌ನಲ್ಲಿ. ಪ್ರತಿ ವಿದ್ಯಾರ್ಥಿ ಕೇಳಿದ ಪ್ರತಿ ಜಾಲತಾಣದ ಹೆಸರನ್ನು ಬರೆಯುವುದನ್ನು ಪೂರ್ತಿ ನಿಲ್ಲಿಸಲು ಆಡಳಿತ ಒಪ್ಪಿತು. ಯಾವ ಸಂಪರ್ಕ ಯಾವ ವಿಳಾಸದಿಂದ ಯಾವ ಹೊತ್ತಿಗೆ ಹೋಯಿತು ಎಂಬುದಷ್ಟು ಸಾಕು. ಡ್ರೈವ್ ಉಳಿಸಲು ಶುರುವಾದ ಚರ್ಚೆ ಇಲ್ಲಿಗೆ ಬಂದು ನಿಂತದ್ದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ.

ಯಾಕೆಂದರೆ ತೆಗೆದ ಆ ಎರಡು ಹಳೆಯ ಡ್ರೈವ್‌ಗಳಲ್ಲಿ ಮಕ್ಕಳ ನಾಲ್ಕು ವರ್ಷದ ಬದುಕು ಇತ್ತು. ರಾತ್ರಿ ಎರಡು ಗಂಟೆಗೆ ಯಾವ ಕಾಯಿಲೆಯ ಬಗ್ಗೆ ಓದಿದರು, ಯಾವ ಸಾಲದ ಆ್ಯಪ್ ಹುಡುಕಿದರು, ಓದು ಬಿಟ್ಟು ಹೋಗುವ ಯೋಚನೆಯಲ್ಲಿ ಏನನ್ನು ತೆರೆದು ನೋಡಿದರು. ಲಾಗ್‌ನಲ್ಲಿ ಅಳಿಸಿದ್ದರೂ ಎಸ್‌ಎಸ್‌ಡಿಯಲ್ಲಿ ಅಳಿದಿರುತ್ತದೆಂದು ನಂಬುವಂತಿಲ್ಲ. ಅದು ಸವೆತ ಹಂಚಲು ಮಾಹಿತಿಯನ್ನು ಜಾಗದಿಂದ ಜಾಗಕ್ಕೆ ಸರಿಸುತ್ತಿರುತ್ತದೆ. ಹಳೆಯ ಪ್ರತಿಗಳು ನಮ್ಮ ಆಜ್ಞೆ ಮುಟ್ಟದ ಮೀಸಲು ಜಾಗದಲ್ಲಿ ಉಳಿದಿರಬಹುದು. ಡ್ರೈವ್‌ಗೇ ಇರುವ ಪೂರ್ಣ ಅಳಿಸುವಿಕೆಯ ಆಜ್ಞೆಯೂ ಎಲ್ಲ ಮಾದರಿಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲೇ ಚಿಪ್ ಬಿಚ್ಚಿ ನೋಡಿ ತೋರಿಸಿದ್ದಾರೆ. ಪೂರ್ತಿ ಸವೆದು ಓದಲು ಮಾತ್ರ ಬರುವ ಸ್ಥಿತಿಗೆ ಹೋದ ಡ್ರೈವ್ ಆದರಂತೂ ಅಳಿಸುವ ದಾರಿಯೇ ಮುಚ್ಚಿದ ಹಾಗೆ. ಗುಜರಿಗೆ ಕೊಡೋಣ, ಚೆನ್ನಾಗಿದ್ದರೆ ಯಾರಾದರೂ ಬಳಸಿಕೊಳ್ಳಲಿ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ.

ಆಜ್ಞೆ ಕೊಟ್ಟು ಅಳಿಸಿದ ಮೇಲೂ ಎರಡನ್ನೂ ಮೆಕ್ಯಾನಿಕಲ್ ವಿಭಾಗದ ವರ್ಕ್‌ಶಾಪಿಗೆ ಒಯ್ದೆವು. ಕವಚ ಬಿಚ್ಚಿದರೆ ಹಸಿರು ಬೋರ್ಡಿನ ಮೇಲೆ ನಾಲ್ಕು ಕಪ್ಪು ಚಿಪ್. ಬೋರ್ಡಿಗೆ ಎಲ್ಲೋ ಒಂದು ತೂತು ಹಾಕಿದರೆ ಸಾಲದು, ಒಂದೊಂದು ಚಿಪ್ಪಿನ ಮಧ್ಯಕ್ಕೂ ಡ್ರಿಲ್ ಇಳಿಯಬೇಕು ಎಂದು ಇನ್‌ಸ್ಟ್ರಕ್ಟರಿಗೆ ತೋರಿಸಿದೆ. ಅವರು ಹಾಗೆಯೇ ಮಾಡಿಕೊಟ್ಟರು. ದಾಸ್ತಾನು ಪುಸ್ತಕದಲ್ಲಿ ಎರಡೂ ಸೀರಿಯಲ್ ನಂಬರುಗಳ ಎದುರು, ಚಿಪ್‌ಗಳನ್ನು ಕೊರೆದು ನಾಶಪಡಿಸಿ ಇ-ತ್ಯಾಜ್ಯಕ್ಕೆ ಸೇರಿಸಲಾಗಿದೆ ಎಂದು ಬರೆದು, ನಾನೂ ಅಟೆಂಡರೂ ತಾರೀಖು ಹಾಕಿ ಸಹಿ ಮಾಡಿದೆವು.